ಅಂಜುಬುರುಕ ನಾಯಿ, ಜಗಳಗಂಟಿ ಬೆಕ್ಕು: ಒಂದೇ ಮನೇಲಿ ಹೇಗೆ?

ನಮಸ್ಕಾರ. ಈ ಕ್ಲಿಪ್‌ಗೆ ಬೇಕಂತಲೇ ಮ್ಯೂಸಿಕ್ ಹಾಕಿಲ್ಲ. ಬೆಕ್ಕು ಅಡುಗೆಮನೆ ಬಾಗಿಲಲ್ಲಿ ಕೂತಿದೆ. ಬುಸ್ ಅಂತಿಲ್ಲ, ಗುರ್ ಅಂತಿಲ್ಲ. ನಾಯಿ ನೀರಿನ ಬಟ್ಟಲ ಕಡೆ ಎರಡು ಹೆಜ್ಜೆ ಇಟ್ಟಿತು, ಮುಖ ತಿರುಗಿಸಿತು, ತುಟಿ ನೆಕ್ಕಿಕೊಂಡಿತು, ಸೋಫಾ ಹಿಂದಕ್ಕೆ ವಾಪಸ್ ಹೋಯ್ತು. ನೋಡಿದವರು "ಪರವಾಗಿಲ್ಲ, ಹೊಂದ್ಕೊಂಡ್ವು" ಅಂತಾರೆ. ಹೊಂದ್ಕೊಂಡಿಲ್ಲ. ಬೆಕ್ಕು ದಾರಿ ಕಟ್ಟಿದೆ, ನಾಯಿ ನೀರು ಕುಡಿಯದೆ ಹೋಗಿದೆ. ಬುಸ್ ಅನ್ನೋದು ಎಚ್ಚರಿಕೆ, ಅದರಿಂದ ಅಷ್ಟೇನೂ ತೊಂದರೆ ಇಲ್ಲ. ಕಾಟ ಇರೋದು ಈ ಸದ್ದಿಲ್ಲದ ದಿಟ್ಟಿಸುವಿಕೆಯಲ್ಲಿ.

ನಾಯಿ-ಬೆಕ್ಕು ಒಟ್ಟಿಗೆ ಸಾಕೋರಿಗೆ ಸಿಗೋ ಸಲಹೆಗಳಲ್ಲಿ ಹೆಚ್ಚಿನವು ನಾಯಿಯನ್ನ ಹಿಡಿದಿಡೋ ಬಗ್ಗೆ. ಶೆಲ್ಟರ್‌ನಿಂದ ತಂದ ಹೆದರುಪುಕ್ಕಲ ಇಂಡಿ (ನಮ್ಮ ನಾಟಿ) ನಾಯಿ ಒಂದು ಕಡೆ, ಮನೆಯೆಲ್ಲ ತನ್ನದೇ ಅಂದುಕೊಂಡ ಬೆಕ್ಕು ಇನ್ನೊಂದು ಕಡೆ ಇದ್ದರೆ ಆ ಲೆಕ್ಕ ತಲೆಕೆಳಗು. ಹಿಡಿಯಬೇಕಾದದ್ದು ಬೆಕ್ಕಿನ ನೋಟವನ್ನ, ಬಿಡಿಸಿಡಬೇಕಾದದ್ದು ನಾಯಿಯ ದಾರಿಯನ್ನ.

ಮೊದಲು ಬೆಕ್ಕನ್ನ ಡಾಕ್ಟರಿಗೆ ತೋರಿಸಿ. ಹಲ್ಲುನೋವು, ಕೀಲುನೋವು, ವಯಸ್ಸಾದ ಬೆಕ್ಕಿಗೆ ಬರೋ ಥೈರಾಯ್ಡ್, ಇವೆಲ್ಲ ಸಿಡುಕು ತರಿಸ್ತವೆ. ಸಂತಾನಹರಣ ಆಪರೇಷನ್ ಆಗಿಲ್ಲ ಅಂದ್ರೆ ಮಾಡಿಸಿ. ಎರಡಕ್ಕೂ ರೇಬೀಸ್ ಲಸಿಕೆ ಆಗಿರಲಿ. ಬೆಕ್ಕಿನ ಉಗುರಿನ ಚೂಪು ತುದಿಯನ್ನ 2 ವಾರಕ್ಕೊಮ್ಮೆ ಕತ್ತರಿಸಿ, ಒಳಗಿನ ಗುಲಾಬಿ ಭಾಗ ಮುಟ್ಟಬೇಡಿ, ಅಲ್ಲಿ ರಕ್ತನಾಳ ಇದೆ.

ಈಗ ಬೇರೆ ಬೇರೆ ಇಡೋದು. ರೂಮಿನ ಒಳಗೆ ನಾಯಿ ಇರಲಿ, ಬೆಕ್ಕಲ್ಲ. ಬೆಕ್ಕಿನ ಜಾಗ ಕಿತ್ತುಕೊಂಡರೆ ಸಿಟ್ಟು ಇನ್ನೂ ಏರುತ್ತೆ. ಹಳೇ ಪಂಚೆಯ ತುಂಡಿನಿಂದ ಬೆಕ್ಕಿನ ಕೆನ್ನೆ, ಗದ್ದ ಉಜ್ಜಿ, ನಾಯಿಯ ಹಾಸಿಗೆಯಿಂದ 2 ಅಡಿ ಆಚೆ ಇಡಿ. ಹಾಸಿಗೆ ಮೇಲೇ ಹಾಕಬೇಡಿ, ಅಡಗೋ ಜಾಗದಲ್ಲಿ ಅದರದ್ದೇ ವಾಸನೆ ಇರಬೇಕು. ನಾಯಿ ಮೈ ಒರೆಸಿದ ಬಟ್ಟೆ ಬೆಕ್ಕಿನ ಕಡೆ. ಈ ದಿನಗಳಲ್ಲಿ ಫಿನಾಯಿಲ್ ಹಾಕಿ ನೆಲ ಒರೆಸೋದು ನಿಲ್ಲಿಸಿ. ಪರಿಚಯದ ವಾಸನೆ ಅಳಿಸಿಹೋಗುತ್ತೆ ಅನ್ನೋದು ಚಿಕ್ಕ ಕಾರಣ. ಫೀನಾಲ್ ಇರೋ ಕ್ಲೀನರ್ ಬೆಕ್ಕಿಗೆ ವಿಷ ಅನ್ನೋದು ದೊಡ್ಡ ಕಾರಣ. ಪಾದಕ್ಕೆ ಅಂಟಿದ್ದನ್ನ ಅದು ನೆಕ್ಕಿಕೊಳ್ಳುತ್ತೆ, ನೆಕ್ಕಿದ್ದನ್ನ ಅರಗಿಸೋ ಶಕ್ತಿ ಅದರ ಲಿವರ್‌ಗೆ ಕಡಿಮೆ.

ಮುಚ್ಚಿದ ಬಾಗಿಲಿನ ಎರಡೂ ಬದಿ, 6 ಅಡಿ ದೂರದಲ್ಲಿ ಊಟದ ಬಟ್ಟಲು ಇಡಿ. ಎರಡೂ ಆರಾಮಾಗಿ ತಿಂದು ಮುಗಿಸಿದರೆ ಮಾತ್ರ ಮುಂದಿನ ಊಟಕ್ಕೆ ಅರ್ಧ ಅಡಿ ಹತ್ತಿರ. ಒಂದು ತಿನ್ನಲಿಲ್ಲ ಅಂದ್ರೆ ಹಿಂದಿನ ದೂರಕ್ಕೆ. "ಹಸಿವಾದ್ರೆ ತಾನೇ ಬರುತ್ತೆ" ಅನ್ನೋ ಹಠ ಬೆಕ್ಕಿನ ಜೊತೆ ಬೇಡ. ಪೂರ್ತಿ ಒಂದು ದಿನ ಏನೂ ಮುಟ್ಟದ ಬೆಕ್ಕನ್ನ ಡಾಕ್ಟರಿಗೆ ತೋರಿಸಿ. ದಿನಗಟ್ಟಲೆ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದ್ರೆ, ಲಿವರ್‌ಗೆ ಕೊಬ್ಬು ತುಂಬಿ ಜೀವಕ್ಕೇ ಬರುತ್ತೆ.

ಬಾಗಿಲ ಹತ್ತಿರ ಊಟ ಸಲೀಸಾದ ಮೇಲೆ ಮುಖ ತೋರಿಸೋದು. ಸೊಳ್ಳೆ ಬರದಂತೆ ಹಾಕಿಸಿದ ಮೆಶ್ ಬಾಗಿಲು ಇದ್ರೆ ಎರಡರ ಮಧ್ಯೆ ಹಾಕೋ ಗೇಟ್ ಕೊಳ್ಳೋ ಖರ್ಚು ಉಳೀತು. ಆದ್ರೆ ಸ್ಟೀಲ್ ಮೆಶ್ ಆಗಿರಬೇಕು, ನೈಲಾನ್ ಬಲೆಯನ್ನ ಬೆಕ್ಕು ಒಂದೇ ಏಟಿಗೆ ಹರಿಯುತ್ತೆ. ಬಾಗಿಲ ಪೂರ್ತಿ ಬೆಡ್‌ಶೀಟ್ ಕಟ್ಟಿ, ಒಂದು ಪಕ್ಕದಿಂದ ನಾಲ್ಕು ಬೆರಳಷ್ಟು ಸರಿಸಿ. ಎರಡು ದಿನ ಗಲಾಟೆ ಇಲ್ಲದಿದ್ದರೆ ಇನ್ನು ನಾಲ್ಕು ಬೆರಳು. ಉಳಿದ ಮರೆ ನಾಯಿಗೆ. ಬೇಡ ಅನ್ನಿಸಿದಾಗ ಅದು ಅತ್ತ ಹೋಗಿ ಕೂರಲಿ, ಕರೀಬೇಡಿ.

ಇಲ್ಲಿ ನಿಮ್ಮ ಕಣ್ಣು ಬೆಕ್ಕಿನ ಮೇಲಿರಬೇಕು. ಮೈ ಕೆಳಗಾಯ್ತು, ಪಾಪೆ ದೊಡ್ಡದಾಯ್ತು, ಬಾಲದ ತುದಿ ಮಾತ್ರ ಆಡ್ತಿದೆ, ಕಣ್ಣು ಕದಲಿಸ್ತಿಲ್ಲ. 3 ಸೆಕೆಂಡ್ ಹೀಗೇ ಇತ್ತು ಅಂದ್ರೆ ಮಧ್ಯೆ ಒಂದು ರಟ್ಟು ಸರಿಸಿ, ನೋಟ ಮುರೀರಿ. ತಾನಾಗಿ ಮುಖ ತಿರುಗಿಸಿದರೆ ಆ ಕ್ಷಣವೇ ಉಪ್ಪಿಲ್ಲದೆ ಬೇಯಿಸಿದ ಕೋಳಿ, ಬಟಾಣಿ ಕಾಳಷ್ಟು. ನೀರು ಚಿಮುಕಿಸೋದು, ಗದರೋದು ಬೇಡವೇ ಬೇಡ. ನಾಯಿ ಕಂಡಾಗಲೆಲ್ಲ ತನಗೆ ಕೆಟ್ಟದ್ದಾಗುತ್ತೆ ಅಂತ ಅದು ಕಲಿಯುತ್ತೆ. ಬುಸ್ ಅಂದಿದ್ದಕ್ಕೆ ಬೈದರೂ ಹಾಗೇ. ಮುಂದಿನ ಸಲ ಎಚ್ಚರಿಕೆ ಕೊಡದೆ ನೇರ ಪರಚುತ್ತೆ.

ಎದುರುಬದುರು ಬಿಡೋ ದಿನ ಬೆಕ್ಕನ್ನ ಮೊದಲು ದಣಿಸಿ. ಕೋಲಿಗೆ ಗರಿ ಕಟ್ಟಿ 10-15 ನಿಮಿಷ ಆಡಿಸಿ, ಆಮೇಲೆ ಊಟ. ಮುಂಜಾನೆ, ಮುಸ್ಸಂಜೆ ಬೇಡ, ಬೆಕ್ಕಿನ ಬೇಟೆ ಬುದ್ಧಿ ಏರೋ ಹೊತ್ತು ಅದು. ದೀಪಾವಳಿ ವಾರವಂತೂ ಬೇಡ, ಪಟಾಕಿಗೆ ನಡುಗ್ತಿರೋ ನಾಯಿಗೆ ಇನ್ನೊಂದು ಪರೀಕ್ಷೆ ಯಾಕೆ? ನಾಯಿಗೆ ಕುತ್ತಿಗೆ ಪಟ್ಟಿ ಬದಲು ಎದೆ ಸುತ್ತ ಕಟ್ಟೋ ಹಾರ್ನೆಸ್ ಹಾಕಿ, 6 ಅಡಿ ಹಗ್ಗ ಸಡಿಲವಾಗಿರಲಿ, ಅದರ ಬೆನ್ನ ಹಿಂದೆ ಬಾಗಿಲು ತೆರೆದಿರಲಿ. 3ರಿಂದ 5 ನಿಮಿಷ ಸಾಕು. ಚೆನ್ನಾಗಿ ನಡೀತಿದೆ ಅಂತ ಎಳೆದಷ್ಟೂ ಕೆಡುತ್ತೆ.

ಮನೆಯ ಜೋಡಣೆ ಅರ್ಧ ಕೆಲಸ. ನಾಯಿಯ ಹಾಸಿಗೆ ಮೂಲೆಯಲ್ಲಿದ್ದರೆ ಅದು ಬೋನು. ಡೈನಿಂಗ್ ಟೇಬಲ್ ಕೆಳಗೆ, ಎರಡು ಕಡೆ ಹೊರಬೀಳೋ ಹಾಗೆ ಹಾಕಿ. ನೀರು ಒಂದೇ ಕಡೆ ಬೇಡ, ಎರಡು ಮೂರು ಕಡೆ ಇಡಿ, ಒಂದು ಕಾವಲು ಬಿದ್ದರೆ ಇನ್ನೊಂದಿದೆ. ಬೆಕ್ಕಿಗೆ ಎತ್ತರದ ಶೆಲ್ಫ್ ಕೊಡಿ ಅಂತ ಎಲ್ಲರೂ ಹೇಳ್ತಾರೆ, ಸರಿಯೇ. ಆದ್ರೆ ಆ ಶೆಲ್ಫ್ ಹಾಲ್‌ನ ಬಾಗಿಲ ಮೇಲೋ ನಾಯಿ ಬಟ್ಟಲ ಮೇಲೋ ಇದ್ದರೆ ಹೊಂಚು ಹಾಕೋಕೆ ನೀವೇ ಕಟ್ಟಿಕೊಟ್ಟ ಅಟ್ಟಣಿಗೆ ಅದು. ಒಂದು ಬೆಕ್ಕಿಗೆ ಎರಡು ಲಿಟರ್ ಬಾಕ್ಸ್ (ಬೆಕ್ಕು ಮಲಮೂತ್ರ ಮಾಡೋ ಟ್ರೇ), ಎರಡೂ ನಾಯಿಗೆ ಎಟುಕದ ಕಡೆ. ನಾಯಿಗಳು ಅದರಲ್ಲಿರೋದನ್ನ ತಿಂತವೆ, ಹೇಳೋಕೆ ಅಸಹ್ಯ, ಆದ್ರೆ ನಿಜ. ಕಿಟಕಿಯಾಚೆ ಬೀದಿ ಬೆಕ್ಕು ಬಂದು ಕೂರ್ತಿದ್ದರೆ ಗಾಜಿನ ಕೆಳಭಾಗಕ್ಕೆ ಪೇಪರ್ ಅಂಟಿಸಿ. ಆಚೆಯದರ ಮೇಲಿನ ಸಿಟ್ಟನ್ನ ಬೆಕ್ಕು ಒಳಗಿರೋ ನಾಯಿ ಮೇಲೆ ತೀರಿಸುತ್ತೆ. "ಕಾರಣವೇ ಇಲ್ದೆ ಹಾರಿತು" ಅನ್ನೋ ಎಷ್ಟೋ ದೂರುಗಳ ಹಿಂದೆ ಇರೋದು ಇದೇ.

ಹೊಡೆದಾಟ ಆಗಿಯೇಬಿಟ್ಟರೆ ಕೈ ಹಾಕಬೇಡಿ. ದಪ್ಪ ಟವೆಲ್ ಬೆಕ್ಕಿನ ಮೇಲೆ ಎಸೆದು ನಾಯಿಯನ್ನ ಹೊರಗೆ ಬಿಡಿ. ನಾಯಿಯ ಕಣ್ಣು ನೋಡಿ. ಅರ್ಧ ಮುಚ್ಚಿದೆ, ನೀರು ಸುರೀತಿದೆ ಅಂದ್ರೆ ಅದೇ ದಿನ ಡಾಕ್ಟರ್, ಕಾರ್ನಿಯಾಗೆ, ಅಂದ್ರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ಗೀರು ಬಿದ್ದಿರಬಹುದು. ನಿಮಗೆ ಕಚ್ಚಿದ್ದರೆ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಆಮೇಲೆ ಎರಡು ಮೂರು ದಿನ ಎರಡನ್ನೂ ಬೇರೆ ಇಟ್ಟು, ಮೆಶ್ ಬಾಗಿಲಿನಿಂದ ಮತ್ತೆ ಶುರು.

ತಿಂಗಳುಗಟ್ಟಲೆ ಮಾಡಿದರೂ ಒಪ್ಪದ ಬೆಕ್ಕುಗಳಿವೆ. ಅಂಥ ಮನೆಗೆ ಪಾಳಿ ಪದ್ಧತಿಯೇ ಸರಿ. ನಾಯಿ ವಾಕಿಂಗ್ ಹೋದ ಹೊತ್ತು ಹಾಲ್ ಬೆಕ್ಕಿನದ್ದು. ಬೆಕ್ಕು ಉಂಡು ಮಲಗಿದ ಮೇಲೆ ರೂಮಿನ ಬಾಗಿಲು ಹಾಕಿ, ಹಾಲ್ ನಾಯಿಯದ್ದು. ನೀವು ಹೊರಗೆ ಹೊರಟಾಗ ಮಧ್ಯದ ಬಾಗಿಲಿಗೆ ಚಿಲಕ ಹಾಕಿರಬೇಕು. ಮೆಶ್ ಬಾಗಿಲು ಸಾಲದು, ಮರದ ಬಾಗಿಲು.