ಬೋರ್ ನೋಡಿ, ಆಮೇಲೆ ಥ್ರೆಡ್ ಹಾಕಿ

ಕೇಳುಗರಿಗೆ ನಮಸ್ಕಾರ. ಗುರಿ ಅಭ್ಯಾಸ ಮಾಡುವವರು, ರೈಫಲ್ ರಿಪೇರಿ ಕಲಿಯುತ್ತಿರುವವರು ಕೇಳುತ್ತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ. ಹೇಳುವುದು ಒಂದೇ ಮಾತು. ಬ್ಯಾರೆಲ್ ತುದಿಯ ಥ್ರೆಡ್, ಅಂದರೆ ತಿರುಪಿನ ಸುತ್ತುಗೆರೆ, ಒಳಗಿನ ಬೋರ್‌ಗೆ ಸರಿಹೊಂದಬೇಕು, ಹೊರಮೈಗಲ್ಲ.

ಬೋರ್ ಅಂದರೆ ಗುಂಡು ಸಾಗುವ ದಾರಿ. ಉದ್ದನೆಯ ಉಕ್ಕಿನ ಸರಳಿನಲ್ಲಿ ತೂತು ಕೊರೆಯುವಾಗ ಡ್ರಿಲ್ ಒಂಚೂರು ಪಕ್ಕಕ್ಕೆ ಸರಿಯುತ್ತದೆ. ಹೊರಗೆ ಎಷ್ಟೇ ನುಣುಪಾಗಿ ಕಂಡರೂ ಬೋರ್ ನಟ್ಟನಡುವೆ ಇದೆ ಅಂತ ನಂಬುವ ಹಾಗಿಲ್ಲ.

ಒಬ್ಬರು .308 ಅಳತೆಯ ಗುಂಡಿನ ರೈಫಲ್ ತಂದಿದ್ದರು. ಒದೆತ ಕಡಿಮೆಯಾಗಲಿ ಅಂತ ತುದಿಗೆ ಥ್ರೆಡ್ ಹಾಕಿಸಿ ಮಜಲ್ ಬ್ರೇಕ್, ಅಂದರೆ ಅನಿಲವನ್ನು ಪಕ್ಕಕ್ಕೆ ಬಿಡುವ ತೂತುಗಳಿರುವ ತುಂಡು ಕೊಳವೆ, ಕೂರಿಸಿದ್ದರು. ಮುಂಚೆ 100 ಮೀಟರಿಗೆ ಗುಂಡುಗಳೆಲ್ಲ ಒಂದು ನಾಣ್ಯದಗಲದಲ್ಲಿ ಬೀಳುತ್ತಿದ್ದವಂತೆ, ಈಗ ಹಾಳೆ ತುಂಬ ಚೆಲ್ಲಾಪಿಲ್ಲಿ. ಪಾಪ, ಸ್ಕೋಪ್ ಬದಲಿಸಿದ್ದರು, ಅದರ ಮೌಂಟ್ ಬದಲಿಸಿದ್ದರು, ಬೇರೆ ಬೇರೆ ಗುಂಡು ಹಾಕಿ ನೋಡಿದ್ದರು. ಬ್ರೇಕ್ ಬಿಚ್ಚಿ ಒಳಗೆ ನೋಡಿರಲಿಲ್ಲ! ನಾನು ಬಿಚ್ಚಿ ಟಾರ್ಚ್ ಬಿಟ್ಟೆ. ಬ್ರೇಕಿನಲ್ಲಿ ಗುಂಡು ಹೊರಬರುವ ತೂತಿನ ಒಂದೇ ಪಕ್ಕದಲ್ಲಿ ತಾಮ್ರದ ಗೀರು, ಹೊಳೆಯುತ್ತಿತ್ತು. ಗುಂಡು ಹೋಗುವಾಗ ಸವರಿಕೊಂಡು ಹೋಗುತ್ತಿತ್ತು.

ಬ್ಯಾರೆಲನ್ನು ಲೇತ್‌ಗೆ, ಅಂದರೆ ಅದನ್ನು ತಿರುಗಿಸಿ ಕಡೆಯುವ ಯಂತ್ರಕ್ಕೆ, ಕಟ್ಟಿದೆ. ಬೋರ್ ಒಳಗೆ ಬಿಗಿಯಾಗಿ ಕೂರುವ ಸರಳು ತೂರಿಸಿ, ಅದಕ್ಕೆ ಸಣ್ಣ ಓಲಾಟವನ್ನೂ ತೋರಿಸುವ ಡಯಲ್ ಗೇಜ್ ತಾಗಿಸಿ, ತಿರುಗಿಸಿದರೆ ಮುಳ್ಳು ಅಲ್ಲಾಡದ ಹಾಗೆ ಹೊಂದಿಸಿದೆ. ಅದೇ ಗೇಜನ್ನು ಥ್ರೆಡ್ ಮೇಲಿಟ್ಟರೆ ಮುಳ್ಳು ಒಂದೇ ಸಮನೆ ತೂಗಾಡಿತು. ಹೊರಮೈ ನೋಡಿಕೊಂಡು, ಥ್ರೆಡ್ ಕೊರೆಯುವ ಉಪಕರಣ ಡೈ ಹಿಡಿದು ಕೈಯಲ್ಲೇ ಥ್ರೆಡ್ ತಿರುಗಿಸಿದ್ದರು. ಆ ಭಾಗವನ್ನೇ ಕತ್ತರಿಸಿ, ಬೋರ್ ನೋಡಿ ಹೊಸ ಥ್ರೆಡ್ ಹಾಕಿ, ಬಾಯಿಯ ಅಂಚನ್ನು ಅಂದರೆ ಕ್ರೌನನ್ನು ಮತ್ತೆ ಕಡೆದೆ. ಬ್ಯಾರೆಲ್ ಸ್ವಲ್ಪ ಗಿಡ್ಡವಾಯಿತು. ಗುಂಡುಗಳು ಮತ್ತೆ ಒಟ್ಟಿಗೆ ಬಿದ್ದವು.

ಥ್ರೆಡ್ ಒಂಚೂರು ವಾಲಿದ್ದಕ್ಕೆ ಇಷ್ಟೊಂದಾ ಅಂತೀರಾ? ಬ್ರೇಕಿನ ತೂತು ಸಾಮಾನ್ಯವಾಗಿ ಗುಂಡಿಗಿಂತ ಅರ್ಧ ಮಿಲಿಮೀಟರಿನಷ್ಟೇ ದೊಡ್ಡದು. ಪಕ್ಕಕ್ಕೆ ಕಾಲು ಮಿಲಿಮೀಟರ್ ಜಾಗ. ಅರ್ಧ ಡಿಗ್ರಿ ವಾಲಿದರೆ 6 ಸೆಂಟಿಮೀಟರ್ ದೂರದಲ್ಲಿ ಅರ್ಧ ಮಿಲಿಮೀಟರ್ ಸರಿಯುತ್ತದೆ. ತಾಗದೆ ಇದ್ದೀತಾ? ತಾಗದಿದ್ದರೂ ಹಿಂದಿನ ಅನಿಲ ಗುಂಡಿನ ಬುಡವನ್ನು ಒಂದು ಕಡೆಯಿಂದ ಜಾಸ್ತಿ ತಳ್ಳುತ್ತದೆ, ದಾರಿ ಕೆಡುತ್ತದೆ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಥ್ರೆಡ್ ಬರೀ ಎಳೆದು ಹಿಡಿಯುತ್ತದೆ, ಬ್ರೇಕನ್ನು ನೆಟ್ಟಗೆ ನಿಲ್ಲಿಸುವುದು ಥ್ರೆಡ್ ಮುಗಿಯುವಲ್ಲಿ ಬ್ಯಾರೆಲ್ ಮೇಲಿರುವ, ಬ್ರೇಕ್ ಒತ್ತಿ ಕೂರುವ ಮೆಟ್ಟಿಲು. ಅದೂ ಬೋರ್‌ಗೆ ಲಂಬವಾಗಿರಬೇಕು. ತೆಳು ಬ್ಯಾರೆಲ್‌ಗೆ ಆಳವಾದ ಥ್ರೆಡ್ ಬೇಡ, ಬಾಯಿ ಹತ್ತಿರ ಬೋರ್ ಅಗಲವಾಗಿ ಗುಂಡಿನ ಹಿಡಿತ ತಪ್ಪುತ್ತದೆ.

ಸುಮ್ನೆ ಸ್ಕೋಪ್‌ಗೆ ದುಡ್ಡು ಸುರಿಯಬೇಡಿ. ರೈಫಲ್ ಖಾಲಿ ಇದೆ ಅಂತ ನೋಡಿಕೊಂಡು ಮೊದಲು ಬ್ರೇಕ್ ಬಿಚ್ಚಿ. ಥ್ರೆಡ್ ಹಾಕುವವರನ್ನು ಕೇಳಿ, ಗೇಜ್ ಎಲ್ಲಿಗೆ ಇಡುತ್ತೀರಿ ಅಂತ. ಹೊರಮೈಗೆ ಅಂದರೆ ರೈಫಲ್ ಎತ್ತಿಕೊಂಡು ವಾಪಸ್ ಬನ್ನಿ. ನಮಸ್ಕಾರ.