ಹಳೆಯ ಲೆಕ್ಕದಲ್ಲಿ ಎಷ್ಟು?

ನಮಸ್ಕಾರ. ಮಾತಿಗೆ ಮೊದಲು ಎರಡು ಸದ್ದು ಕೇಳಿಸುತ್ತೇನೆ. ಇದು ಬ್ರಿಟನ್ನಿನ ಈಗಿನ ಒಂದು ಪೆನ್ನಿ, ಮೇಜಿನ ಮೇಲೆ ಬೀಳಿಸುತ್ತಿದ್ದೇನೆ. ಇದು ಹಳೆಯ ಪೆನ್ನಿ. ಮೊದಲನೆಯದು ಟಿಣ್ ಎಂದು ಅಲ್ಲಿಗೇ ಸುಮ್ಮನಾಯಿತು. ಎರಡನೆಯದು ಬಿದ್ದಲ್ಲೇ ಗಿರಗಿರನೆ ಸುತ್ತಿ, ನಿಧಾನವಾಗಿ ಒರಗಿತು. 9.4 ಗ್ರಾಂ ಕಂಚು, ಮೂರು ಸೆಂಟಿಮೀಟರಿಗಿಂತ ತುಸು ಹೆಚ್ಚು ಅಗಲ. ಇಂಥವು ಮೂರು ಸೇರಿದರೆ ಒಂದು ಔನ್ಸ್. ಅಡುಗೆಮನೆಯ ತಕ್ಕಡಿಗೆ ತೂಕದ ಕಲ್ಲು ಇಲ್ಲದಿದ್ದರೆ ಪೆನ್ನಿಗಳನ್ನೇ ಇಟ್ಟು ತೂಗಬಹುದಿತ್ತು.

ಈ ಪೆನ್ನಿ ನನಗೆ ಸಿಕ್ಕಿದ್ದು ಚಿಕ್ಕಪ್ಪನ ಬಿಸ್ಕತ್ತಿನ ಡಬ್ಬಿಯಲ್ಲಿ. ಹಾಸನದ ಹತ್ತಿರದ ಹಳ್ಳಿಯಿಂದ 1965ರಲ್ಲಿ ಓದಲೆಂದು ಮ್ಯಾಂಚೆಸ್ಟರಿಗೆ ಬಂದ ಚಿಕ್ಕಪ್ಪ ಇಲ್ಲಿಯೇ ನೆಲೆಸಿದರು. ಹೋದ ವರ್ಷ ತೀರಿಕೊಂಡರು. ಚಿಕ್ಕಮ್ಮ ಡಬ್ಬಿಯನ್ನು ನನ್ನ ಕೈಗಿಟ್ಟು, "ಇದರಲ್ಲಿರುವುದು ಯಾವುದೂ ಅಂಗಡಿಯಲ್ಲಿ ನಡೆಯುವುದಿಲ್ಲ. ಆದರೂ ಎಸೆಯಬೇಡ" ಎಂದರು. ಅಂದಿನಿಂದ ಇದನ್ನು ಎಷ್ಟು ಸಲ ಮೇಜಿನ ಮೇಲೆ ಸುರಿದುಕೊಂಡಿದ್ದೇನೋ ಲೆಕ್ಕವಿಲ್ಲ. 1971ರಲ್ಲಿ ಹಳೆಯ ಲೆಕ್ಕ ಬಿಟ್ಟು ಪೌಂಡಿಗೆ ನೂರು ಹೊಸ ಪೆನ್ಸ್ ಎಂದು ಬದಲಾದಾಗ ಈ ನಾಣ್ಯಗಳನ್ನು ಬ್ರಿಟನ್ ಕಳೆದುಕೊಂಡ ರೀತಿಯ ಬಗ್ಗೆ ನನಗೊಂದು ಗಟ್ಟಿಯಾದ ಅಭಿಪ್ರಾಯವಿದೆ. ಅದನ್ನು ಹೇಳುವುದಕ್ಕೆಂದೇ ಇವತ್ತು ಕುಳಿತಿದ್ದೇನೆ.

ಮೊದಲು ಚಿಕ್ಕಪ್ಪನ ಪಾಡು ಕೇಳಿ. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ ಎಂದು ಮಗ್ಗಿಯಂತೆ ಉರುಹೊಡೆದು ಬೆಳೆದವರು ಅವರು. 1957ರ ಏಪ್ರಿಲ್ 1ರಂದು ಭಾರತ ಅದನ್ನೆಲ್ಲ ಬಿಟ್ಟು ರೂಪಾಯಿಗೆ ನೂರು ನಯಾಪೈಸೆ ಎಂದಿತು. ಆರು ನಯಾಪೈಸೆಗೆ ಒಂದಾಣೆ, ಇಪ್ಪತ್ತೈದಕ್ಕೆ ನಾಲ್ಕಾಣೆ ಎಂದು ಹೊಂದಿಸಿಕೊಂಡು, ಹೊಸ ಲೆಕ್ಕ ಕೈಗೆ ಹತ್ತುವ ಹೊತ್ತಿಗೆ ಅವರು ಮ್ಯಾಂಚೆಸ್ಟರಿನಲ್ಲಿ ಇಳಿದರು. ಇಲ್ಲಿ ನೋಡಿದರೆ ಪೌಂಡಿಗೆ ಇಪ್ಪತ್ತು ಶಿಲಿಂಗ್, ಶಿಲಿಂಗಿಗೆ ಹನ್ನೆರಡು ಪೆನ್ಸ್! ಬಿಟ್ಟುಬಂದ ಹನ್ನೆರಡರ ಮಗ್ಗಿ ಸಮುದ್ರದಾಚೆ ಕಾದು ಕುಳಿತಿತ್ತು. ಅದನ್ನು ಮತ್ತೆ ಕಲಿತರು. ಆರು ವರ್ಷ ಕಳೆಯುವಷ್ಟರಲ್ಲಿ ಅದೂ ಹೋಯಿತು.

ಅವರ ಬಾಡಿಗೆ ಕೋಣೆಯಲ್ಲಿ ಗ್ಯಾಸ್ ಒಲೆಗೊಂದು ಮೀಟರ್ ಇತ್ತಂತೆ. ಆಗ ಇಲ್ಲಿನ ಎಷ್ಟೋ ಬಾಡಿಗೆ ಮನೆಗಳಲ್ಲಿ ಅಂಥದ್ದೇ. ಶಿಲಿಂಗನ್ನು ಸೀಳಿಗೆ ತೂರಿಸಿ ಹಿಡಿ ತಿರುಗಿಸಿದರೆ ನಾಣ್ಯ ಒಳಗೆ ಬೀಳುತ್ತದೆ, ಗ್ಯಾಸ್ ಬರುತ್ತದೆ. ಶಿಲಿಂಗ್ ತೀರಿದರೆ ನೀಲಿ ಜ್ವಾಲೆ ಕುಗ್ಗುತ್ತಾ ಕುಗ್ಗುತ್ತಾ ಆರಿಹೋಗುತ್ತದೆ. ಜನವರಿಯ ರಾತ್ರಿ, ಕಿಟಕಿಯ ಗಾಜಿನ ಒಳಮೈಯಲ್ಲೂ ಮಂಜುಗಟ್ಟಿರುವಾಗ, ಜೇಬಿನಲ್ಲಿ ಹತ್ತು ಶಿಲಿಂಗಿನ ನೋಟು ಇದ್ದರೂ ಪ್ರಯೋಜನವಿಲ್ಲ. ಶಿಲಿಂಗೇ ಬೇಕು. ಹಾಗಾಗಿ ಅಂಗಡಿಯವರು ಕೊಟ್ಟ ಚಿಲ್ಲರೆಯಲ್ಲಿ ಶಿಲಿಂಗ್ ಬಂದರೆ ಚಿಕ್ಕಪ್ಪ ಅದನ್ನು ಬೇರೆ ಜೇಬಿಗೆ ಹಾಕುತ್ತಿದ್ದರು. "ಅದು ದುಡ್ಡಲ್ಲ ಮಗೂ, ಸೌದೆ" ಎನ್ನುತ್ತಿದ್ದರು. ಬ್ರಿಟನ್ನಿನ ಹಳೆಯ ಹಣದ ಬಗ್ಗೆ ನಾನು ಎಷ್ಟೋ ಓದಿದ್ದೇನೆ, ಆದರೆ ಈ ಮಾತಿನಷ್ಟು ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದಿಲ್ಲ.

ಡಬ್ಬಿಯಲ್ಲಿರುವ ಬೇರೆ ನಾಣ್ಯಗಳನ್ನೂ ತೋರಿಸುತ್ತೇನೆ. ಇದು ಫಾರ್ದಿಂಗ್, ಪೆನ್ನಿಯ ಕಾಲು ಭಾಗ. ಬಾಲ ನಿಗುರಿಸಿಕೊಂಡು ನಿಂತ ಪುಟ್ಟ ರೆನ್ ಹಕ್ಕಿ ಇದರ ಮೇಲಿದೆ. 1960ರ ಕೊನೆಗೆ ಇದರ ಚಲಾವಣೆ ನಿಂತಿತ್ತು, ಹಾಗಾಗಿ ಚಿಕ್ಕಪ್ಪನಿಗೆ ಇದು ಎಲ್ಲಿ ಸಿಕ್ಕಿತೋ ಗೊತ್ತಿಲ್ಲ. ಇದು ಮೂರು ಪೆನ್ಸಿನ ಹನ್ನೆರಡು ಮೂಲೆಯ ಹಳದಿ ಬಿಲ್ಲೆ. ಕತ್ತಲೆಯಲ್ಲಿ ಬೆರಳಾಡಿಸಿದರೂ ಇದೇ ಎಂದು ತಿಳಿಯುತ್ತದೆ. ನಮ್ಮ ಊರಿನಲ್ಲಿ ಚೌಕದ ಎರಡಾಣೆಯನ್ನೂ ಅಂಚು ಬಳುಕಿದ ಒಂದಾಣೆಯನ್ನೂ ಹಿರಿಯರು ಗುರುತಿಸುತ್ತಿದ್ದದ್ದು ಹೀಗೆಯೇ. ಇದು ಆರು ಪೆನ್ಸ್, ಜನರ ಬಾಯಲ್ಲಿ ಟ್ಯಾನರ್. ಕ್ರಿಸ್‌ಮಸ್ ಪುಡ್ಡಿಂಗಿನೊಳಗೆ ಬಚ್ಚಿಡುತ್ತಿದ್ದದ್ದು, ಮದುಮಗಳ ಪಾದರಕ್ಷೆಯೊಳಗೆ ಇಡುತ್ತಿದ್ದದ್ದು ಇದನ್ನೇ. ಶಿಲಿಂಗಿಗೆ ಬಾಬ್ ಎಂದು ಹೆಸರು.

1960ರ ದಶಕದಲ್ಲಿ ಒಂದು ಹಿಡಿ ಪೆನ್ನಿಗಳನ್ನು ಅಂಗೈಯಲ್ಲಿ ಹರಡಿದರೆ ಐದು ಆಳ್ವಿಕೆಗಳು ಕಾಣಬಹುದಿತ್ತು: ವಿಕ್ಟೋರಿಯಾ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್, ಆರನೆಯ ಜಾರ್ಜ್, ಎರಡನೆಯ ಎಲಿಜಬೆತ್. ನೂರು ವರ್ಷ ಕೈಯಿಂದ ಕೈಗೆ ಸಾಗಿ ರಾಣಿಯ ಮುಖ ನುಣುಪಾಗಿ ಅಳಿಸಿಹೋಗಿದ್ದರೂ ಆ ಪೆನ್ನಿಗೆ ಬ್ರೆಡ್ಡಿನ ಅಂಗಡಿಯಲ್ಲಿ ಬೆಲೆ ಇತ್ತು. ಚಿಲ್ಲರೆ ಕೈಗೆ ಬಂದೊಡನೆ ಜನ ಇಸವಿ ನೋಡುತ್ತಿದ್ದರು, ಏಕೆಂದರೆ 1933ರ ಪೆನ್ನಿಗಳು ಬೆರಳೆಣಿಕೆಯಷ್ಟು ಮಾತ್ರ ಟಂಕಿಸಲ್ಪಟ್ಟಿದ್ದವು.

ಭಾರತದವಳಾಗಿ ನನ್ನ ಕಣ್ಣು ನಿಲ್ಲುವುದು ಈ ಶಿಲಿಂಗಿನ ಮೇಲೆ. ಇಸವಿ 1948. ಒಂದು ಬದಿಯಲ್ಲಿ ಆರನೆಯ ಜಾರ್ಜನ ತಲೆ, ಹಿಂಬದಿಯಲ್ಲಿ ಲ್ಯಾಟಿನ್ ಅಕ್ಷರಗಳಿವೆ, ಅವುಗಳ ಕೊನೆಯ ಎರಡು ತುಂಡುಗಳು "ಇಂಡ್ ಇಂಪ್". ಭಾರತದ ಚಕ್ರವರ್ತಿ ಎಂದು ಅರ್ಥ. ಆಗಸ್ಟ್ 15 ಕಳೆದು ಹೋಗಿದೆ, ಕೆಂಪುಕೋಟೆಯ ಮೇಲೆ ನಮ್ಮ ಧ್ವಜ ಹಾರಿದೆ, ಆದರೂ ಲಂಡನ್ನಿನ ಟಂಕಸಾಲೆ ಇನ್ನೂ ಆ ಬಿರುದನ್ನು ಒತ್ತುತ್ತಿದೆ. 1949ರ ನಾಣ್ಯಗಳಿಂದ ಅದು ಮರೆಯಾಯಿತು. ಹಳೆಯ ಶಿಲಿಂಗ್ ಐದು ಹೊಸ ಪೆನ್ಸ್ ಆಗಿ 1990ರವರೆಗೆ ನಡೆದ ಕಾರಣ, ನನ್ನ ಚಿಕ್ಕಪ್ಪನ ಮಕ್ಕಳು ಈ ಊರಿನಲ್ಲಿ ಮಿಠಾಯಿ ಕೊಂಡದ್ದು ಕೂಡ ಇಂಥ ನಾಣ್ಯಗಳಿಂದಲೇ ಇದ್ದೀತು. ಇದನ್ನು ಹಿಡಿದಾಗ ನನಗೆ ಪ್ರೀತಿಯೂ ನೋವೂ ಒಟ್ಟಿಗೇ ಬರುತ್ತವೆ. ಅದನ್ನು ಮುಚ್ಚಿಡುವುದಿಲ್ಲ.

ಇನ್ನು ಪೌಂಡಿಗೆ ನೂರು ಹೊಸ ಪೆನ್ಸ್ ಎಂಬ ಬದಲಾವಣೆಯ ಮಾತು. 1966ರ ಮಾರ್ಚ್ 1ರಂದು ಹಣಕಾಸು ಸಚಿವ ಜೇಮ್ಸ್ ಕ್ಯಾಲಹನ್ ಅದನ್ನು ಘೋಷಿಸಿದರು. ಅಷ್ಟೊಂದು ನಾಣ್ಯ ಟಂಕಿಸಲು ಲಂಡನ್ನಿನ ಟಂಕಸಾಲೆ ಸಾಲದೆ ವೇಲ್ಸಿನ ಲ್ಯಾಂಟ್ರಿಸಂಟಿನಲ್ಲಿ ಹೊಸದು ಕಟ್ಟಿದರು. 1971ರ ಫೆಬ್ರವರಿ 15, ಸೋಮವಾರ, ಹೊಸ ಲೆಕ್ಕ ಜಾರಿಗೆ ಬಂತು. ಅದಕ್ಕೆ ಮೊದಲು ಬ್ಯಾಂಕುಗಳು ನಾಲ್ಕು ದಿನ ಬಾಗಿಲು ಮುಚ್ಚಿ ಲೆಕ್ಕ ಬದಲಿಸಿಕೊಂಡಿದ್ದವು.

ಚಿಕ್ಕಮ್ಮ ಮದುವೆಯಾಗಿ ಬಂದು ಆಗ ಇನ್ನೂ ನಾಲ್ಕು ತಿಂಗಳು. ಶಿಲಿಂಗಿನ ಲೆಕ್ಕ ಹತ್ತದೆ, ಬೀದಿ ಮೂಲೆಯ ಅಂಗಡಿಯಲ್ಲಿ ಅಂಗೈ ಚಾಚಿ, ಬೇಕಾದಷ್ಟು ನೀವೇ ತೆಗೆದುಕೊಳ್ಳಿ ಎನ್ನುತ್ತಿದ್ದರಂತೆ. ಆ ಸೋಮವಾರದ ವಾರ ಅದೇ ಅಂಗಡಿಯಲ್ಲಿ ಅವರ ಮುಂದೆ ನಿಂತಿದ್ದ ಪಕ್ಕದ ಮನೆಯ ಮುದುಕಿ ಅಂಗೈ ಚಾಚಿಕೊಂಡು, "ಹಳೆಯ ಲೆಕ್ಕದಲ್ಲಿ ಇದು ಎಷ್ಟು?" ಎಂದು ಕೇಳುತ್ತಿದ್ದರು. ಬೆಲೆ ಏಳೂವರೆ ಪೆನ್ಸ್. ಚಿಕ್ಕಮ್ಮನಿಗೆ ಊರಿನ ನಯಾಪೈಸೆಯ ದಿನಗಳು ನೆನಪಾದವು. ಐದು ಹೊಸ ಪೆನ್ಸಿಗೆ ಒಂದು ಶಿಲಿಂಗ್, ಉಳಿದ ಎರಡೂವರೆಗೆ ಆರು ಪೆನ್ಸ್. "ಒಂದು ಶಿಲಿಂಗ್ ಆರು ಪೆನ್ಸ್" ಎಂದರು, ಬಂದ ಎರಡು ಮಾತಿನ ಇಂಗ್ಲಿಷಿನಲ್ಲಿ. ಮುದುಕಿ ತಿರುಗಿ ನೋಡಿ, ತಮ್ಮ ಚೀಲದ ಚಿಲ್ಲರೆಯನ್ನೆಲ್ಲ ಚಿಕ್ಕಮ್ಮನ ಕೈಗೆ ಸುರಿದರು. ಆ ವರ್ಷವೆಲ್ಲ ಇಬ್ಬರೂ ಜೊತೆಯಾಗಿಯೇ ಅಂಗಡಿಗೆ ಹೋದರು.

ಈಗ ನನ್ನ ತಕರಾರು. ದಶಮಾನ ಪದ್ಧತಿ ತಪ್ಪು ಎಂದು ನಾನು ಹೇಳುತ್ತಿಲ್ಲ. ಹನ್ನೆರಡನ್ನು ಎರಡು, ಮೂರು, ನಾಲ್ಕು, ಆರರಿಂದ ಭಾಗಿಸಬಹುದು ಎಂಬುದು ನಿಜ, ಆದರೆ ಪೌಂಡ್, ಶಿಲಿಂಗ್, ಪೆನ್ಸ್ ಮೂರು ಸಾಲು ಕೂಡಿಸುವ ಗುಮಾಸ್ತನ ಕಷ್ಟವೂ ನಿಜ. ಹೊಸ ನಾಣ್ಯದಿಂದಲೇ ಬೆಲೆ ಏರಿತು ಎನ್ನುವ ಹಿರಿಯರು ಇಲ್ಲಿ ಇನ್ನೂ ಇದ್ದಾರೆ. ಅದನ್ನೂ ನಾನು ಪೂರ್ತಿ ಒಪ್ಪುವುದಿಲ್ಲ, ಬೆಲೆ ಮೊದಲೇ ಏರುತ್ತಿತ್ತು, 1973ರ ತೈಲದ ಬಿಕ್ಕಟ್ಟು ಅದರ ಮೇಲೆ ಬಂದು ಬಿತ್ತು.

ತಪ್ಪಾದದ್ದು ಯಾವುದನ್ನು ನೂರು ಭಾಗ ಮಾಡಬೇಕು ಎಂಬಲ್ಲಿ. ದಕ್ಷಿಣ ಆಫ್ರಿಕಾ 1961ರಲ್ಲಿ, ಆಸ್ಟ್ರೇಲಿಯಾ 1966ರಲ್ಲಿ, ನ್ಯೂಜಿಲೆಂಡ್ 1967ರಲ್ಲಿ ಪೌಂಡನ್ನು ಬಿಟ್ಟು ಅದರ ಅರ್ಧವನ್ನು, ಅಂದರೆ ಹತ್ತು ಶಿಲಿಂಗನ್ನು ಹೊಸ ಹಣವಾಗಿ ಆರಿಸಿಕೊಂಡವು. ಹತ್ತು ಶಿಲಿಂಗಿಗೆ ನೂರು ಸೆಂಟ್. ಲೆಕ್ಕ ಹಾಕಿ ನೋಡಿ: ಶಿಲಿಂಗಿಗೆ ಹತ್ತು ಸೆಂಟ್, ಆರು ಪೆನ್ಸಿಗೆ ಐದು ಸೆಂಟ್. ಹಳೆಯ ಪೆನ್ನಿಗೂ ಹೊಸ ಸೆಂಟಿಗೂ ಅಂತರ ಬಹಳ ಕಡಿಮೆ. ಬಡವರ ಜೇಬಿನ ಶಿಲಿಂಗೂ ಆರು ಪೆನ್ಸೂ ಹೊಸ ಲೆಕ್ಕಕ್ಕೆ ಸಲೀಸಾಗಿ ಕೂರುತ್ತಿದ್ದವು. ಬ್ರಿಟನ್ನಿನಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಿ 1963ರಲ್ಲಿ ವರದಿ ಕೊಟ್ಟ ಹಾಲ್ಸ್‌ಬರಿ ಸಮಿತಿಯೊಳಗೂ ಹತ್ತು ಶಿಲಿಂಗೇ ಸರಿ ಎಂದವರಿದ್ದರು. ಬಹುಮತ ಪೌಂಡಿನ ಕಡೆ ಹೋಯಿತು. ಪೌಂಡ್ ಜಗತ್ತಿನ ವ್ಯಾಪಾರದ ಹಣ, ಅದರ ಹೆಸರಿಗೂ ಬೆಲೆಗೂ ಕೈ ಹಾಕಬಾರದು ಎಂಬುದು ವಾದ. ಬ್ಯಾಂಕುಗಳಿಗೆ ಅದು ದೊಡ್ಡ ಮಾತು, ಒಪ್ಪುತ್ತೇನೆ. ಆದರೆ ತರಕಾರಿ ಕೊಳ್ಳುವ ಹೆಂಗಸಿಗೆ?

ಅವಳಿಗೆ ಸಿಕ್ಕಿದ್ದು ಹಳೆಯ 2.4 ಪೆನ್ಸಿಗೆ ಸಮನಾದ ಒಂದು ಹೊಸ ಪೆನ್ನಿ. ಮೂರು ಪೆನ್ಸಿನ ಬಿಲ್ಲೆ ಒಂದೂಕಾಲು ಹೊಸ ಪೆನ್ಸ್ ಆಗಿ, ಯಾವ ಲೆಕ್ಕಕ್ಕೂ ಕೂರದೆ 1971ರ ಆಗಸ್ಟ್ ಕೊನೆಗೆ ಹೋಯಿತು. ದೊಡ್ಡ ಪೆನ್ನಿಯೂ ಅದರೊಂದಿಗೇ ಹೋಯಿತು. ಅರ್ಧ ಕ್ರೌನ್, ಅಂದರೆ ಎರಡೂವರೆ ಶಿಲಿಂಗಿನ ನಾಣ್ಯ, ಅದಕ್ಕೆ ಮೊದಲೇ ಹೋಗಿತ್ತು. ಆರು ಪೆನ್ಸನ್ನು ಉಳಿಸಿ ಎಂದು ಜನ ಹೋರಾಡಿದರು, ಸರ್ಕಾರ ಮಣಿಯಿತು. ಎರಡೂವರೆ ಪೆನ್ಸ್ ಎಂಬ ಹೊಂದದ ಬೆಲೆ ಹೊತ್ತುಕೊಂಡೇ ಅದು 1980ರವರೆಗೆ ಬದುಕಿತು. ಸಣ್ಣ ಬೆಲೆಗಳಿಗೆಂದು ತಂದ ಹೊಸ ಅರ್ಧ ಪೆನ್ನಿ 1984ರಲ್ಲಿ ಮುಗಿಯಿತು. ಪೌಂಡನ್ನು ಉಳಿಸಲು ಹೋಗಿ, ಜನ ದಿನಕ್ಕೆ ಹತ್ತು ಸಲ ಮುಟ್ಟುವ ನಾಣ್ಯಗಳನ್ನು ಬಿಟ್ಟುಕೊಟ್ಟರು. ನನ್ನ ಸಿಟ್ಟೆಲ್ಲ ಇದರ ಮೇಲೆ.

ನಮ್ಮಲ್ಲಿ ರೂಪಾಯಿಯೂ ಉಳಿಯಿತು, ಅದರ ಅರ್ಧ, ಕಾಲು ಭಾಗಗಳೂ ಹೊಂದಿಕೊಂಡವು. ಅದರಿಂದಲೇ 1957 ಕಳೆದು ದಶಕಗಳಾದ ಮೇಲೂ ನಾವು ನಾಲ್ಕಾಣೆ, ಎಂಟಾಣೆ ಎನ್ನುತ್ತಿದ್ದೆವು. ಇವತ್ತಿಗೂ ಹದಿನಾರಾಣೆ ಸತ್ಯ ಎನ್ನುತ್ತೇವೆ. ಈ ದೇಶದ ನನ್ನ ಸಹೋದ್ಯೋಗಿ ಹುಡುಗರಿಗೆ ಟ್ಯಾನರ್ ಎಂದರೆ ಏನೆಂದು ಗೊತ್ತಿಲ್ಲ.

ಚಿಕ್ಕಮ್ಮನ ಮನೆಯಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ನಾಣ್ಯಗಳನ್ನು ತೊಳೆದು ಬೆಳ್ಳಿ ತಟ್ಟೆಯಲ್ಲಿ ಇಡುತ್ತಾರೆ. ಈ ಸಲ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಡಬ್ಬಿಯಲ್ಲಿದ್ದವನ್ನೂ ಹುಣಸೆಹಣ್ಣು ಹಚ್ಚಿ ಉಜ್ಜಿದೆ. ರೂಪಾಯಿಗಳ ನಡುವೆ ಮೂರು ಪೆನ್ಸಿನ ಬಿಲ್ಲೆ, ಅದರ ಪಕ್ಕದಲ್ಲಿ ಅದರಂತೆಯೇ ಹನ್ನೆರಡು ಮೂಲೆಯಿರುವ, 2017ರಲ್ಲಿ ಬಂದ ಪೌಂಡಿನ ನಾಣ್ಯ. ಚಿಕ್ಕಮ್ಮ ಒಂದೊಂದಕ್ಕೂ ಕುಂಕುಮ ಇಟ್ಟರು. ಶಿಲಿಂಗಿನ ಸರದಿ ಬಂದಾಗ ಅದನ್ನು ಮಾತ್ರ ಎತ್ತಿ, ಅಂಗೈಯಲ್ಲಿ ಸ್ವಲ್ಪ ಹೊತ್ತು ಬೆಚ್ಚಗೆ ಹಿಡಿದುಕೊಂಡು, "ಇದು ಸೌದೆ" ಎಂದು ತಟ್ಟೆಯಲ್ಲಿಟ್ಟರು.