ಧಾರವಾಡದ ಶಾಲ್ಮಲೆ, ಮಾಗೋಡಿನ ಕಾಡು

(ದೃಶ್ಯ: ಸೋಮೇಶ್ವರ ಗುಡಿಯ ಆವರಣ)

ನಮಸ್ಕಾರ. ಧಾರವಾಡದ ಸೋಮೇಶ್ವರ ಗುಡಿ ನಿಮಗೆ ಗೊತ್ತೇ ಇದೆ. ಶಾಲ್ಮಲೆ ಹುಟ್ಟುವುದು ಇಲ್ಲೇ. ಬೇಸಿಗೆಯಲ್ಲಿ ನೋಡಿದರೆ ಇದೂ ಒಂದು ನದಿಯಾ ಅನಿಸಬಹುದು. ಆದರೆ ಈ ನೀರು ಯಲ್ಲಾಪುರದ ಕಾಡು ಹೊಕ್ಕು, ಮಾಗೋಡಿನಲ್ಲಿ ಸುಮಾರು 180 ಮೀಟರ್ ಕೆಳಕ್ಕೆ ಧುಮುಕುತ್ತದೆ. ಮುಂದೆ ಗಂಗಾವಳಿ ಅನಿಸಿಕೊಂಡು ಅರಬ್ಬಿ ಸಮುದ್ರ ಸೇರುತ್ತದೆ.

(ದೃಶ್ಯ: ನಕಾಶೆ)

ಹುಬ್ಬಳ್ಳಿ ಕಡೆಯಿಂದ ಬರುವ ಬೇಡ್ತಿ ಹಳ್ಳ ಕಲಘಟಗಿ ಹತ್ತಿರ ಶಾಲ್ಮಲೆಯನ್ನು ಕೂಡುತ್ತದೆ. ಅಲ್ಲಿಂದ ಹೊಳೆಯ ಹೆಸರು ಬೇಡ್ತಿ. ಹುಬ್ಬಳ್ಳಿಯ ಗಟಾರದ ನೀರೂ ಹರಿದು ಇದಕ್ಕೇ ಸೇರುತ್ತದೆ. ಅಂದರೆ ಮಾಗೋಡಿನ ಕಾಡಿಗೆ ನಾವು ಮೇಲ್ಗಡೆಯ ಊರಿನವರು. ರಜೆ ಸಿಕ್ಕಾಗ ಜಲಪಾತ ನೋಡಲು ಹೊರಡುವ ನಮಗೆ ಈ ನಂಟು ನೆನಪೇ ಇರುವುದಿಲ್ಲ, ಅಲ್ವಾ?

(ದೃಶ್ಯ: ಹೊಳೆದಂಡೆಯ ಮರಗಳು)

ಹೊಳೆದಂಡೆಯ ಮರಗಳಿಗೆ ಕೆಲಸ ಜಾಸ್ತಿ. ಬೇರು ದಂಡೆಯ ಮಣ್ಣನ್ನು ಹಿಡಿದಿಡುತ್ತದೆ. ನೆರಳು ನೀರನ್ನು ತಂಪಾಗಿಡುತ್ತದೆ. ಉದುರಿದ ಎಲೆ ನೀರಿನ ಹುಳುಗಳಿಗೆ ಆಹಾರ, ಆ ಹುಳುಗಳು ಮೀನಿಗೆ ಆಹಾರ. ನೀರು ಕೊಳಕಾದರೆ ಈ ಸರಪಳಿ ಬುಡದಲ್ಲೇ ಕಡಿಯುತ್ತದೆ.

ಮಂಗಟ್ಟೆ ಹಕ್ಕಿ ಇಲ್ಲಿ ಇರುವುದೂ ಈ ಮರಗಳಿಂದಲೇ. ಅತ್ತಿ, ಆಲದ ಜಾತಿಯ ಹಣ್ಣು ಅದರ ಮುಖ್ಯ ಊಟ. ಗೂಡಿಗೆ ಹಳೆಯ ದೊಡ್ಡ ಮರದ ಪೊಟರೆಯೇ ಬೇಕು. ಹೆಣ್ಣು ಪೊಟರೆಯೊಳಗೆ ಕೂತು, ಕೊಕ್ಕಿನಷ್ಟು ಸಂದು ಬಿಟ್ಟು ಬಾಗಿಲು ಮುಚ್ಚಿಕೊಳ್ಳುತ್ತದೆ. ಆಮೇಲೆ ವಾರಗಟ್ಟಲೆ ಗಂಡು ಹಣ್ಣು ತಂದು ಆ ಸಂದಿನಿಂದಲೇ ಉಣಿಸಬೇಕು. ಹತ್ತಿರದಲ್ಲಿ ಹಣ್ಣಿನ ಮರ ಇಲ್ಲದಿದ್ದರೆ ಒಳಗಿರುವ ತಾಯಿ, ಮರಿ ಎರಡೂ ಉಪವಾಸ. ಹೊಸ ಸಸಿ ನೆಟ್ಟು ಈ ನಷ್ಟ ತುಂಬಲು ಆಗುವುದಿಲ್ಲ. ಪೊಟರೆ ಬೀಳುವಷ್ಟು ಮರ ಬೆಳೆಯಲು ಒಬ್ಬರ ಆಯುಷ್ಯ ಸಾಲದು.

(ದೃಶ್ಯ: ಬೇಡ್ತಿ ಕಣಿವೆ, ಅಡಿಕೆ ತೋಟ)

ಈ ಕಣಿವೆ ಸುಮ್ನೆ ಉಳಿದಿಲ್ಲ. 1980ರ ಸುಮಾರಿಗೆ ಇಲ್ಲಿ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಇತ್ತು. ಅಡಿಕೆ ಬೆಳೆಗಾರರು ಬರೀ ಘೋಷಣೆ ಕೂಗಲಿಲ್ಲ. ಶಿರಸಿಗೆ ತಜ್ಞರನ್ನು ಕರೆಸಿ, ಮುಳುಗುವ ಕಾಡು, ತೋಟದ ಲೆಕ್ಕವನ್ನು ಅವರ ಮುಂದಿಟ್ಟರು. ಯೋಜನೆ ನಿಂತಿತು. ನನ್ನ ಮಟ್ಟಿಗೆ ನಮ್ಮ ಸೀಮೆಯ ಶಾಲೆಗಳಲ್ಲಿ ಹೇಳಿಕೊಡಬೇಕಾದ ಹೋರಾಟ ಇದು. 2011ರಲ್ಲಿ ಕಣಿವೆಯ ಒಂದು ಭಾಗ ಬೇಡ್ತಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಇಂಥ ಮೀಸಲಿನಲ್ಲಿ ಊರಿನವರನ್ನು ಎಬ್ಬಿಸುವುದಿಲ್ಲ. ನಿರ್ವಹಣೆಯ ಸಮಿತಿಯಲ್ಲಿ ಗ್ರಾಮ ಪಂಚಾಯ್ತಿಯವರಿಗೂ ಜಾಗ ಇರುತ್ತದೆ.

(ದೃಶ್ಯ: ಜೇನುಕಲ್ಲು ಗುಡ್ಡ)

ಹೋಗುವುದು ಹೇಗೆ? ಹುಬ್ಬಳ್ಳಿಯಿಂದ ಕಲಘಟಗಿ ಮೇಲೆ ಯಲ್ಲಾಪುರ ಸುಮಾರು 70 ಕಿಲೋಮೀಟರ್. ಅಲ್ಲಿಂದ ಮಾಗೋಡು ಹತ್ತಿರವೇ. ಜಲಪಾತ ನೋಡಿ ಅಲ್ಲಿಂದಲೇ ವಾಪಸ್ ಬರಬೇಡಿ. ಜೇನುಕಲ್ಲು ಗುಡ್ಡಕ್ಕೂ ಹೋಗಿ. ಬೇಡ್ತಿ ಕಣಿವೆ ಎಷ್ಟು ಆಳ ಅನ್ನುವುದು ಅಲ್ಲಿಂದಲೇ ತಿಳಿಯುವುದು. ಅಕ್ಟೋಬರ್‌ನಿಂದ ಡಿಸೆಂಬರ್ ಒಳ್ಳೆಯ ಕಾಲ. ಮಳೆಗಾಲದಲ್ಲಿ ಉಂಬಳದ ಕಾಟ ಇರುತ್ತದೆ. ಕಾಡೊಳಗೆ ಚಾರಣಕ್ಕೆ ಹೊರಡುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಜಲಪಾತದ ಬುಡಕ್ಕೆ ಇಳಿಯುವ ಸಾಹಸ ಮಾತ್ರ ಬೇಡ. ಬಂಡೆ ಪಾಚಿ ಕಟ್ಟಿರುತ್ತದೆ, ಕಾಲು ನಿಲ್ಲುವುದಿಲ್ಲ.